ಮುಂಬಯಿಯ ಕನ್ನಡ ವಲಸೆ ಕಾರ್ಮಿಕರು ಮತ್ತು ಪಡಿತರದ ಹಕ್ಕು: ಧಾನ್ಯ–ನಗದು ವಾದದ ಮರುಪರಿಶೀಲನೆ

1997ರಲ್ಲಿ ಪಡಿತರವನ್ನು ಬಡತನ ರೇಖೆಗೆ ಕಟ್ಟಿಹಾಕಿದ್ದರಿಂದ ನಗರದ ಬಡವರು ದೊಡ್ಡ ಪ್ರಮಾಣದಲ್ಲಿ ಹೊರಗುಳಿದರೆಂಬುದು ಈಗ ಬಹುಮಟ್ಟಿಗೆ ಒಪ್ಪಿತ ಸಂಗತಿ. ಲಕ್ಷಗಟ್ಟಲೆ ಜನರಿರುವ ಮುಂಬಯಿಯ ಧಾರಾವಿ ಕೊಳೆಗೇರಿಯಲ್ಲಿ ಕೇವಲ 151 ಕುಟುಂಬಗಳು ಬಡತನ ರೇಖೆಗಿಂತ ಕೆಳಗಿನವೆಂದು ಗುರುತಿಸಲ್ಪಟ್ಟಿದ್ದನ್ನು ಅರ್ಥಶಾಸ್ತ್ರಜ್ಞೆ ಮಧುರಾ ಸ್ವಾಮಿನಾಥನ್ ಎತ್ತಿ ತೋರಿಸಿದ ಮೇಲೆ, ವರ್ಷಕ್ಕೆ 15,000 ರೂಪಾಯಿಯ ಆದಾಯ ಮಿತಿಯನ್ನು ಮುಂಬಯಿಗೂ ಅನ್ವಯಿಸಿದ್ದನ್ನು ಸಮರ್ಥಿಸುವವರು ವಿರಳ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಮಹಾರಾಷ್ಟ್ರ ಈ ಮಿತಿಯನ್ನು ನಗರಗಳಲ್ಲಿ 59,000ಕ್ಕೆ ಏರಿಸಿತು. ಆದರೂ ದಿನಕ್ಕೆ 200 ರೂಪಾಯಿಯಂತೆ 300 ದಿನ ದುಡಿದ ಒಬ್ಬನೇ ಗಳಿಕೆದಾರನ ಕುಟುಂಬ ಅದನ್ನು ದಾಟಿಬಿಡುತ್ತದೆ.

ವಿವಾದ ಉಳಿದಿರುವುದು ಸಬ್ಸಿಡಿ ಧಾನ್ಯವಾಗಿರಬೇಕೇ ನಗದಾಗಿರಬೇಕೇ ಎಂಬಲ್ಲಿ. ಪಡಿತರ ಸರಿಯಾಗಿ ನಡೆಯುವ ಕಡೆ ಜನ ಹಣಕ್ಕಿಂತ ಧಾನ್ಯವನ್ನೇ ಬಯಸುತ್ತಾರೆಂದು ಅರ್ಥಶಾಸ್ತ್ರಜ್ಞೆ ರೀತಿಕಾ ಖೇರಾ 2011ರ ಒಂಬತ್ತು ರಾಜ್ಯಗಳ ಸಮೀಕ್ಷೆಯ ಆಧಾರದಿಂದ ವಾದಿಸಿದರು. ಬೆಲೆಯೇರಿಕೆ, ಬ್ಯಾಂಕಿನ ದೂರ ಇವನ್ನು ನೆನೆದರೆ ಆ ವಾದ ತೂಕದ್ದೇ. ಆದರೆ ಸಮೀಕ್ಷೆ ನಡೆದದ್ದು ಹಳ್ಳಿಗಳಲ್ಲಿ. ಮಹಾರಾಷ್ಟ್ರವಾಗಲಿ ಕರ್ನಾಟಕವಾಗಲಿ ಅದರಲ್ಲಿರಲಿಲ್ಲ. ಕಾರ್ಡು ಇರುವ ಊರಿನಲ್ಲೇ ಕಾರ್ಡುದಾರನೂ ಇರುತ್ತಾನೆಂಬುದು ಅದರ ಹೇಳದ ಪೂರ್ವಗ್ರಹಿಕೆ. ಧಾನ್ಯದ ಬದಲು ನಗದು ಬೇಕೆನ್ನುವವರೂ ಇದನ್ನು ಹೆಚ್ಚು ಪ್ರಶ್ನಿಸಿದಂತಿಲ್ಲ.

ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಮುಂಬಯಿಯ ಕಟ್ಟಡ ಕೆಲಸಕ್ಕೆ ಬರುವವರ ವಿಷಯದಲ್ಲಿ ಈ ಗ್ರಹಿಕೆ ನಿಲ್ಲುವುದಿಲ್ಲ. 2020ರ ಜನವರಿಯಿಂದ ಕರ್ನಾಟಕ, ಮಹಾರಾಷ್ಟ್ರಗಳೆರಡೂ ಸೇರಿರುವ 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಯಂತೆ ಊರಿನ ಕಾರ್ಡಿನ ಮೇಲೆ ಮುಂಬಯಿಯ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟೊತ್ತಿ ಧಾನ್ಯ ಪಡೆಯಬಹುದು. ಕುಟುಂಬದ ಪಾಲನ್ನು ಊರು–ನಗರಗಳ ನಡುವೆ ಹಂಚಿಕೊಳ್ಳಲೂಬಹುದು. ಆದರೆ ಹೀಗೆ ದೊರೆಯುವುದು ಕೇಂದ್ರ ಕಾಯ್ದೆಯ ತಲಾ 5 ಕಿಲೋ ಮಾತ್ರ. ತನ್ನ ಅನ್ನಭಾಗ್ಯ ಯೋಜನೆಯಡಿ ಕರ್ನಾಟಕ ತಾನಾಗಿ ಸೇರಿಸಿದ ಪಾಲು ರಾಜ್ಯದ ಗಡಿ ದಾಟುವುದಿಲ್ಲ.

ಇಲ್ಲಿ ಒಂದು ಅನಪೇಕ್ಷಿತ ಪ್ರಯೋಗ ನಡೆದಂತಾಯಿತು. 2023ರ ಜುಲೈಯಲ್ಲಿ ಹೆಚ್ಚುವರಿ 5 ಕಿಲೋಗೆ ಅಕ್ಕಿ ಹೊಂದಿಸಲಾಗದೆ ಕರ್ನಾಟಕ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿತು. 2025ರ ಆರಂಭದಲ್ಲಿ ಮತ್ತೆ ಅಕ್ಕಿಗೆ ಮರಳಿತು. ಅಕ್ಕಿಗೆ ಮರಳಿದ್ದನ್ನು ಬಡವರ ಗೆಲುವೆಂದು ಬಣ್ಣಿಸುವುದು ಊರಲ್ಲಿರುವವರ ಮಟ್ಟಿಗೆ ಸರಿಯಿರಬಹುದು. ಆದರೆ ಮುಂಬಯಿಯಲ್ಲಿದ್ದವರ ಮಟ್ಟಿಗೆ, ಕೊರತೆಯಿಂದ ಹುಟ್ಟಿದ ನಗದೇ ಹೆಚ್ಚುವರಿ ಪಾಲಿನ ಗಡಿ ದಾಟಬಲ್ಲ ಏಕೈಕ ರೂಪವಾಗಿತ್ತು, ಅಕ್ಕಿ ಬಂದೊಡನೆ ಆ ಪಾಲು ಮತ್ತೆ ಊರಿಗೆ ಕಟ್ಟುಬಿದ್ದಿತು ಎಂದು ವಾದಿಸಲು ಅವಕಾಶವಿದೆ.

ಈ ವಾದಕ್ಕೆ ಮಿತಿಗಳಿವೆ. ಹಣ ಸೇರುತ್ತಿದ್ದುದು ಕುಟುಂಬದ ಮುಖ್ಯಸ್ಥರ ಖಾತೆಗೆ. ಕಾಯ್ದೆಯಂತೆ ಮುಖ್ಯಸ್ಥರೆಂದರೆ ಸಾಮಾನ್ಯವಾಗಿ ಮನೆಯ ಹಿರಿಯ ಹೆಣ್ಣು, ಆಕೆ ಊರಲ್ಲೇ ಉಳಿದಿದ್ದರೆ ಗಡಿ ದಾಟುವ ಶಕ್ತಿ ಬಹುಪಾಲು ಕಾಗದದ ಮೇಲಿನದು. ಮುಂಬಯಿಯ ಕಿರಾಣಿ ಅಂಗಡಿಯಲ್ಲಿ 34 ರೂಪಾಯಿಗೆ ಒಂದು ಕಿಲೋ ಉಣ್ಣುವಂಥ ಅಕ್ಕಿ ಸಿಗುವುದೂ ಕಷ್ಟವೇ. ಆದ್ದರಿಂದ ನಗದೇ ಮೇಲೆಂಬುದು ಇಲ್ಲಿನ ನಿಲುವಲ್ಲ. ಯಾವ ರೂಪವಾದರೂ ಹಕ್ಕು ಮನುಷ್ಯನ ಜೊತೆ ಸಾಗುತ್ತದೆಯೇ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ, ಅಷ್ಟೇ.

ರಾಜ್ಯಗಳ ಹೆಚ್ಚುವರಿ ಪಾಲನ್ನು ಗಡಿಯಾಚೆ ಕೊಟ್ಟರೆ ಅದರ ವೆಚ್ಚ ಯಾವ ರಾಜ್ಯದ್ದೆಂಬುದು ಇತ್ಯರ್ಥವಾಗಬೇಕಿದೆ. ಫಲಾನುಭವಿಗಳ ವ್ಯಾಪ್ತಿಯನ್ನು ಮರುನಿರ್ಧರಿಸುವಂತೆ ಸುಪ್ರೀಂ ಕೋರ್ಟ್ 2021ರಲ್ಲಿ ಸೂಚಿಸಿದ್ದರೂ ಲೆಕ್ಕ ಇನ್ನೂ 2011ರ ಜನಗಣತಿಯನ್ನೇ ನೆಚ್ಚಿಕೊಂಡಿದ್ದು, ಹೊಸ ಗಣತಿ ಇಂಥ ಕುಟುಂಬಗಳನ್ನು ಊರಿನವರೆಂದು ಎಣಿಸುವುದೋ ಮುಂಬಯಿಯವರೆಂದೋ ಎಂಬುದರ ಮೇಲೆ ಎರಡೂ ರಾಜ್ಯಗಳ ಪಾಲು ನಿಂತಿದೆ.