‘ಇಎಕ್ಸ್’ ಗುರುತು ಅಂದ್ರೆ ಏನು?

ಮಳೆಯಲ್ಲಿ ಬಿಟ್ಟಂಗಾಲ ದಾಟಿ ಹೋಗ್ತಾ ಬೈಕಿಗೆ ಪೆಟ್ರೋಲ್ ಹಾಕಿಸೋಕೆ ನಿಂತಾಗಲೆಲ್ಲ ನನ್ನ ಕಣ್ಣು ಪಂಪಿನ ವಿದ್ಯುತ್ ಪೆಟ್ಟಿಗೆಯತ್ತ ಹೋಗುತ್ತೆ. ಎಂಜಿನಿಯರಿಂಗ್ ಓದಿದ ಚಟ. ಸ್ಫೋಟಕ ಆವಿ ಸೇರುವ ಜಾಗದ ಉಪಕರಣದ ಮೇಲೆ ‘ಇಎಕ್ಸ್’ ಗುರುತು ಇರಬೇಕು.

ಇಂಥ ಜಾಗಗಳಲ್ಲಿ ಮೂರು ವಲಯ. ಆವಿ ಸದಾ ಇರುವ ಟ್ಯಾಂಕಿನ ಒಳಭಾಗ ವಲಯ 0. ಮಾಮೂಲಿ ಕೆಲಸದ ವೇಳೆ ಆಗಾಗ ಬರುವುದಾದರೆ ವಲಯ 1. ಅಪರೂಪಕ್ಕೆ, ಅದೂ ಸ್ವಲ್ಪ ಹೊತ್ತು ಬರುವುದಾದರೆ ವಲಯ 2.

ರಕ್ಷಣೆಯಲ್ಲೂ ಬಗೆಗಳಿವೆ. ‘ಇಎಕ್ಸ್ ಐ’ ಕಿಡಿಗೆ ಆವಿ ಹೊತ್ತಿಸುವಷ್ಟು ಶಕ್ತಿಯನ್ನೇ ಕೊಡಲ್ಲ. ‘ಇಎಕ್ಸ್ ಡಿ’ ಆವಿಯನ್ನು ತಡೆಯಲ್ಲ. ಒಳಗೆ ಸ್ಫೋಟವಾದರೂ ಪೆಟ್ಟಿಗೆ ತಡ್ಕೊಳ್ಳುತ್ತೆ. ಕಿರಿದಾದ ಸಂದಿನಲ್ಲಿ ನುಸುಳುವಷ್ಟರಲ್ಲಿ ಬಿಸಿ ಅನಿಲ ತಣ್ಣಗಾಗಿ, ಹೊರಗಿನ ಆವಿ ಹೊತ್ತಿಕೊಳ್ಳಲ್ಲ.

ಸಮಸ್ಯೆ ಇರೋದು ಇಲ್ಲೇ. ಕೊಡಗಿನ ಮಳೆಗೆ ಆ ಸಂದು ತುಕ್ಕು ಹಿಡಿದರೆ, ಒಂದು ಬೋಲ್ಟ್ ಕಳೆದರೆ, ಕೇಬಲ್ ತೂತು ತೆರೆದೇ ಇದ್ದರೆ ಪ್ರಮಾಣಪತ್ರ ಬರೀ ಕಾಗದ. ಅದಕ್ಕೇ ಐಎಸ್/ಐಇಸಿ 60079 ಸರಣಿಯ 17ನೇ ಭಾಗ ತಪಾಸಣೆ, ನಿರ್ವಹಣೆಗೇ ಮೀಸಲು. ಬಂಕಿಗೆ ಪರವಾನಗಿ ಕೊಡೋದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ (ಪೆಸೊ). ಆದರೆ ದಿನವಿಡೀ ಪಂಪಿನ ಪಕ್ಕ ನಿಲ್ಲೋರು ಪೆಟ್ರೋಲ್ ಹಾಕುವ ಕೆಲಸಗಾರರು. ಕೊನೇ ತಪಾಸಣೆ ಯಾವಾಗ ಆಯ್ತು ಅಂತ ಕೇಳುವ ಹಕ್ಕು ಮೊದಲು ಅವರದು.