ಹಿತ್ತಲಿನಲ್ಲಿರುವ ಇತಿಹಾಸ

ಇತಿಹಾಸವೆಂದರೆ ಕೋಟೆ, ಯುದ್ಧ, ರಾಜರ ವಂಶಾವಳಿ ಎಂದೇ ನಮ್ಮ ಮಕ್ಕಳು ತಿಳಿದುಕೊಂಡಿದ್ದಾರೆ. ಅದು ಅವರ ತಪ್ಪಲ್ಲ, ನಾವು ಕಲಿಸುವುದೇ ಹಾಗೆ. ಆದರೆ ಡಿ. ಹಿರೇಹಾಳ್ ಕಡೆಯ ಹಳೆಯ ಮನೆಯೊಂದರ ಹಿಂಬಾಗಿಲು ತೆರೆದು ನೋಡಿ. ಒಂದು ನುಗ್ಗೆಮರ, ಬಚ್ಚಲ ನೀರಿಗೆ ನಿಂತ ಎರಡು ಬಾಳೆ, ಬೇಲಿಗೆ ಹಬ್ಬಿದ ಹೀರೆಬಳ್ಳಿ, ಮೂಲೆಯಲ್ಲಿ ಕರಿಬೇವು, ಒಂದು ಮಡಿ ಪುಂಡಿಪಲ್ಯ. ಇದೂ ಇತಿಹಾಸವೇ.

ಮೊದಲು ನೀರಿನ ಮಾತು. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿ.ಮೀ. ಮಾತ್ರ. ಜೂನ್‌ನ ಮೃಗಶಿರಾ ಮಳೆಯನ್ನು ನಂಬುವಂತಿಲ್ಲ. ಸ್ವಲ್ಪ ಗಟ್ಟಿಯಾಗಿ ಬೀಳುವುದು ಸೆಪ್ಟೆಂಬರ್‌ನಲ್ಲಿ, ಹುಬ್ಬೆ, ಉತ್ತರೆ ಹೊತ್ತಿಗೆ. ಹೀಗಾಗಿ ನಮ್ಮ ಹಿತ್ತಲಿನ ನಕ್ಷೆಯನ್ನು ಬರೆದದ್ದು ಬಚ್ಚಲ ನೀರು! ಅದು ಹರಿಯುವ ದಾರಿಯಲ್ಲಿ ಮೊದಲು ಬಾಳೆ, ಆಮೇಲೆ ಕೆಸು, ಕೊನೆಗೆ ಹೂವಿನ ಗಿಡ. ನೀರು ಬೇಡದ ನುಗ್ಗೆ ದೂರದ ಮೂಲೆಗೆ. ನುಗ್ಗೆ ಮನೆ ಮುಂದಿರಬಾರದು ಎಂದು ಹಿರಿಯರು ಹೇಳುವುದನ್ನು ನಾವು ಮೂಢನಂಬಿಕೆ ಎಂದು ನಗುತ್ತಿದ್ದೆವು. ಒಂದು ಮಳೆಗಾಲ ಕಂಬಳಿಹುಳು ಕಾಂಡಕ್ಕೆಲ್ಲ ಮೆತ್ತಿಕೊಂಡು ಮೈ ತುರಿಸಿದ ಮೇಲೆ ನಗು ನಿಂತಿತು.

ತೋಟದ ವಿಷಯವನ್ನು ಕನ್ನಡದಲ್ಲಿ ಬರೆದಿಟ್ಟವರು ಬಹಳ ಹಿಂದೆಯೇ ಇದ್ದರು. ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಬರೆದ. ನೆಲದೊಳಗಿನ ನೀರನ್ನು ಪತ್ತೆ ಹಚ್ಚುವ ಬಗೆ, ಗಿಡಮರಗಳ ಆರೈಕೆ ಮತ್ತು ಅವುಗಳ ರೋಗಕ್ಕೆ ಮದ್ದು, ಅಡುಗೆ, ಎಲ್ಲವೂ ಅದೊಂದೇ ಗ್ರಂಥದಲ್ಲಿವೆ. ಬಾವಿಯಿಂದ ಒಲೆಯವರೆಗೆ ಎಲ್ಲ ಬಂತಲ್ಲ! ನಮ್ಮ ಸೀಮೆಯ ಶಾಸನಗಳನ್ನು ಓದಿದವರಿಗೂ ಗೊತ್ತು, ದೇವಸ್ಥಾನಕ್ಕೆ ಕೊಟ್ಟ ದತ್ತಿಯಲ್ಲಿ ಗದ್ದೆ, ಬೆದ್ದಲೆಯ ಜೊತೆಗೆ ತೋಂಟ, ಪೂದೋಂಟ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್, ಪಟ್ಟಣದ ಹೊರಸುತ್ತಿನ ಕೋಟೆಗಳ ನಡುವೆ ಹೊಲ, ತೋಟ, ಮನೆಗಳನ್ನು ಕಂಡ. ಪೇಟೆಯಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುತ್ತಿದ್ದುದೂ ಅವನಿಗೆ ಅಚ್ಚರಿ.

ಆ ತೋಟಗಳಲ್ಲಿ ಏನಿರಲಿಲ್ಲ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ತಬ್ಬಿಬ್ಬಾಗುತ್ತಾರೆ. ಮೆಣಸಿನಕಾಯಿ ಇರಲಿಲ್ಲ. ಟೊಮ್ಯಾಟೊ, ಆಲೂಗಡ್ಡೆ, ಸಿಹಿಗುಂಬಳ, ಸೀಬೆ, ಪಪ್ಪಾಯಿ ಯಾವುದೂ ಇರಲಿಲ್ಲ. ಅನಂತಪುರದ ಅನ್ನವೇ ಆಗಿರುವ ಶೇಂಗಾ ಕೂಡ ಇರಲಿಲ್ಲ! ಇವೆಲ್ಲ ಅಮೆರಿಕ ಖಂಡದ ಬೆಳೆಗಳು, 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆ ಮುಟ್ಟಿದ ಮೇಲಿನ ಶತಮಾನಗಳಲ್ಲಿ ಹಡಗು ಹತ್ತಿ ಬಂದವು. ಹೆಸರುಗಳೇ ಸಾಕ್ಷಿ. ಮೈಸೂರು ಕಡೆಯವರು ಪಪ್ಪಾಯಿಯನ್ನು ಪರಂಗಿ ಎನ್ನುವುದು ಅದು ಪರಂಗಿಯವರದು ಎಂಬುದಕ್ಕೆ. ಇನ್ನು ಮೆಣಸಿನಕಾಯಿಯ ಕಥೆ ನೋಡಿ: ಹೊಸಬ ಬಂದು ಮೆಣಸಿನ ಹೆಸರನ್ನೇ ಹೊತ್ತುಕೊಂಡ, ಮೂಲದ ಮೆಣಸು ಪಾಪ, ತನ್ನ ಗುರುತಿಗಾಗಿ 'ಕಾಳುಮೆಣಸು' ಆಗಬೇಕಾಯಿತು. ಬದನೆ, ಹೀರೆ, ನುಗ್ಗೆ, ಬೂದುಗುಂಬಳ ಮಾತ್ರ ಹಳೆಯ ಮನೆಯವರು.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದು ಹೊಲಗಳನ್ನೆಲ್ಲ ಅಳೆಸಿದ. ಒಣಭೂಮಿ, ನೀರಾವರಿ, ತೋಟ ಎಂದು ಬೇರೆ ಬೇರೆ ಲೆಕ್ಕ. ಹೋಗುವ ಮುನ್ನ ಅವನು ಮಾಡಿದ ಶಿಫಾರಸು ಕುತೂಹಲದ್ದು: ಎಲ್ಲ ಭೂಮಿಯ ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕು, ಬಾವಿಯಿಂದ, ಹಳ್ಳದಿಂದ ನೀರೆತ್ತಿ ಬೆಳೆಯುವ ಭೂಮಿಗೆ ಇನ್ನೂ 8 ಇಳಿಸಬೇಕು, ಬಾವಿಯ ರಿಪೇರಿ ಮಾತ್ರ ರೈತನದು. ಆಗ ಬಾವಿಯೆಂದರೆ ಕಪಿಲೆ. ಎತ್ತುಗಳು ದಿನವಿಡೀ ಹಿಂದೆ ಮುಂದೆ ನಡೆದು ತೊಗಲಿನ ಚೀಲದಲ್ಲಿ ನೀರು ಸೇದಬೇಕು. ಒಂದು ಮಡಿ ಸೊಪ್ಪಿನ ಹಿಂದೆ ಎಷ್ಟು ಬೆವರಿತ್ತೆಂದು ಅವನಿಗೆ ಗೊತ್ತಾಗಿರಬೇಕು. ಆದರೂ ಮದರಾಸು ಸರ್ಕಾರ ಅದನ್ನು ಆಗ ಒಪ್ಪಲಿಲ್ಲ. ಮುಂದೆ 1876-78ರ ಮಹಾಬರ, ನಮ್ಮ ಹಿರಿಯರ ಬಾಯಲ್ಲಿ ಧಾತು ಬರ, ಬಳ್ಳಾರಿ ಜಿಲ್ಲೆಯನ್ನು ಹಿಂಡಿಹಾಕಿತು. ಬಾವಿ ಬತ್ತಿದ ಮೇಲೆ ಹಿತ್ತಲೆಲ್ಲಿ?

ಅಂದಿಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯದೇ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಲೂರು, ಆದವಾನಿ, ರಾಯದುರ್ಗ ಅತ್ತ ಸೇರಿದವು, ಬಳ್ಳಾರಿ ಮೈಸೂರಿಗೆ ಬಂತು. ಗಡಿಗೆರೆ ಬಿತ್ತು, ಹಿತ್ತಲು ಬದಲಾಗಲಿಲ್ಲ. ಬಳ್ಳಾರಿಯವರು ಪುಂಡಿಪಲ್ಯ ಎಂದದ್ದನ್ನೇ ತೆಲುಗಿನವರು ಗೋಂಗೂರ ಎಂದರು, ಹೀರೆ ಬೀರ ಆಯಿತು, ಹಾಗಲ ಕಾಕರ ಆಯಿತು. ಎರಡೂ ಹೆಸರು ಬಲ್ಲವರು ನಾವು ಎಂದು ನಮಗೆ ಹೆಮ್ಮೆಯಿತ್ತು.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಒಂದು ದಿನ ಪಾಠದ ನಡುವೆ. ಪುಂಡಿ ಎಂದರೇನು ಎಂದು ಕೇಳಿದೆವು. ಕನ್ನಡ ಮಾಧ್ಯಮದ ಇಡೀ ತರಗತಿ ಸುಮ್ಮನೆ ಕೂತಿತು. ಕೆಲವರ ಡಬ್ಬಿಯಲ್ಲಿ ಅಂದು ಅದೇ ಪಲ್ಯವಿತ್ತು! ತಿನ್ನುವುದು ಉಳಿದಿದೆ, ಹೆಸರು ಹೋಗಿದೆ. ಮನೆಯಲ್ಲಿ ಬೆಳೆಯುವುದು ನಿಂತು ಸಂತೆಯಿಂದ ತರತೊಡಗಿದರೆ ಸಂತೆಯ ಹೆಸರೇ ಬಾಯಿಗೆ ಬರುತ್ತದೆ, ಮಕ್ಕಳನ್ನು ಬೈದು ಏನು ಫಲ?

ಬೆಳೆಯುವುದು ಯಾಕೆ ನಿಂತಿತು ಎಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೋರ್‌ವೆಲ್ ಆಳಕ್ಕಿಳಿದು ಬಾವಿ ಬತ್ತಿದವು. ಹಿತ್ತಲಿದ್ದಲ್ಲಿ ಮಗನಿಗೊಂದು ಕೋಣೆ ಎದ್ದಿತು. 2000ದ ದಶಕದಲ್ಲಿ ಅದಿರಿನ ಲಾರಿಗಳು ಹಗಲು ರಾತ್ರಿ ಓಡಿ, ಸೊಪ್ಪಿನ ಮೇಲೆ ಕೆಂಪು ಧೂಳು ಕೂತು, ನಾಲ್ಕು ಸಲ ತೊಳೆದರೂ ಹಲ್ಲಿಗೆ ಕರಕರ ಎನ್ನುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ತಡೆದ ಹೊತ್ತಿಗೆ ಹಲವರು ಹಿತ್ತಲಿನ ಆಸೆಯನ್ನೇ ಬಿಟ್ಟಿದ್ದರು.

2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆಯಲ್ಲಿ ಬಚ್ಚಲಿಲ್ಲ ನಿಜ, ಆದರೆ ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು ಕೈ, ತಟ್ಟೆ ತೊಳೆದ ನೀರಿದೆ. ಅದು ಹರಿಯುವ ಕಡೆ ಪಾತಿ ತೆಗೆದೆವು. ಬೀಜವನ್ನು ಅಂಗಡಿಯಿಂದ ತರಬಾರದು, ಮನೆಯ ಅಜ್ಜಿಯಿಂದ ಹೆಸರು ಕೇಳಿಕೊಂಡೇ ತರಬೇಕು ಎಂದು ಷರತ್ತು ಹಾಕಿದೆವು. ಒಬ್ಬ ಹುಡುಗ ಸೋರೆಬೀಜ ತಂದು ಹೆಸರು ಮರೆತು ಮತ್ತೆ ಮನೆಗೆ ಓಡಿದ. ಇನ್ನೊಬ್ಬಳ ಅಜ್ಜಿ, ಅವರೆಯನ್ನು ಈಗ ಊರಿದರೆ ಚಳಿಗಾಲಕ್ಕೆ ಕಾಯಿ, ಆದರೆ ಚಪ್ಪರ ಈಗಲೇ ಹಾಕಿರಿ ಎಂದು ಹೇಳಿ ಕಳುಹಿಸಿದರು. ಚಪ್ಪರಕ್ಕೆ ಗಳ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ. ಪುಂಡಿ ಮಾತ್ರ ಮೊಣಕಾಲುದ್ದ ಬಂದಿದೆ.