ಆಟಕ್ಕುಂಟು, ಲೆಕ್ಕಕ್ಕೂ ಉಂಟು

2022ರ ಅಕ್ಟೋಬರ್ 30, ಭಾನುವಾರ. ಮೋರ್ಬಿಯಲ್ಲಿ ತೂಗುಸೇತುವೆ ಕುಸಿದ ರಾತ್ರಿ. ನಮ್ಮ ಸ್ಟುಡಿಯೋದಲ್ಲಿ ಅದು ಬಿಟ್ಟು ಬೇರೆ ಸುದ್ದಿ ಇರಲಿಲ್ಲ, ಇರಬಾರದಿತ್ತು ಕೂಡ. ಅದೇ ಹೊತ್ತಿಗೆ ನವಿ ಮುಂಬೈನಲ್ಲಿ 17 ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನಡೆದಿತ್ತು. ಕೆಳಗಿನ ಸ್ಕ್ರಾಲ್‌ನಲ್ಲಿ ಒಂದೇ ಸಾಲು: ಕೊಲಂಬಿಯಾ ವಿರುದ್ಧ ಸ್ಪೇನ್‌ಗೆ 1-0 ಜಯ. ಆ ಗೋಲು ಸ್ಪೇನ್ ಹೊಡೆದದ್ದಲ್ಲ ಅಂತ ಆಮೇಲೆ ಗೊತ್ತಾಯ್ತು. 82ನೇ ನಿಮಿಷದಲ್ಲಿ ಕೊಲಂಬಿಯಾದ ಹುಡುಗಿಯಿಂದಲೇ ಆದ ಸೆಲ್ಫ್ ಗೋಲ್ ಅದು.

ಕೊಲಂಬಿಯಾ ಮತ್ತು ಸೆಲ್ಫ್ ಗೋಲ್. ಈ ಎರಡು ಪದ ಒಟ್ಟಿಗೆ ಬಂದರೆ ಫುಟ್‌ಬಾಲ್ ಬಲ್ಲವರ ಎದೆ ಝಲ್ ಅನ್ನುತ್ತೆ. ಯಾಕೆ ಗೊತ್ತಾ?

1994ರ ಜೂನ್ 22. ಅಮೆರಿಕದಲ್ಲಿ ವಿಶ್ವಕಪ್. ಆಂಡ್ರೆಸ್ ಎಸ್ಕೋಬಾರ್ ಎಂಬ ಡಿಫೆಂಡರ್ ಚೆಂಡನ್ನು ತಡೆಯಲು ಹೋಗಿ ತಮ್ಮದೇ ಗೋಲಿಗೆ ಹೊಡೆದ. ಅಮೆರಿಕದ ಎದುರು ಕೊಲಂಬಿಯಾ 2-1ರಿಂದ ಸೋತಿತು. ಹತ್ತು ದಿನ ಕಳೆದು, ಜುಲೈ 2ರಂದು, ತನ್ನೂರು ಮೆಡೆಲಿನ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ವಯಸ್ಸು 27. 1991ರ ಒಂದೇ ವರ್ಷದಲ್ಲಿ 6 ಸಾವಿರಕ್ಕೂ ಹೆಚ್ಚು ಕೊಲೆ ಕಂಡಿದ್ದ ಊರು ಅದು. ಡ್ರಗ್ ದೊರೆಗಳ ಕಾಳಗ, ಗೆರಿಲ್ಲಾಗಳು, ಓಣಿಗೊಂದು ಗ್ಯಾಂಗ್.

ಆಗ ಮೆಡೆಲಿನ್‌ನಲ್ಲಿ ಓದುತ್ತಿದ್ದ ಯೂರ್ಗೆನ್ ಗ್ರೀಸ್‌ಬೆಕ್ ಎಂಬ ಜರ್ಮನ್ ಯುವಕನಿಗೆ ಈ ಸಾವು ತಡೆಯಲಾಗಲಿಲ್ಲ. 1996ರಲ್ಲಿ ಸಂಗಡಿಗರ ಜತೆ 'ಶಾಂತಿಗಾಗಿ ಫುಟ್‌ಬಾಲ್' ಶುರುಮಾಡಿದ. ಗ್ಯಾಂಗ್‌ಗಳ ಓಣಿಯಲ್ಲೇ ಆಟ. ರೆಫರಿ ಇಲ್ಲ. ಆಟಕ್ಕೆ ಮೊದಲು ಎರಡೂ ತಂಡ ಕೂತು ನಿಯಮ ಮಾಡಿಕೊಳ್ಳಬೇಕು, ಮುಗಿದ ಮೇಲೆ ಮತ್ತೆ ಕೂತು ಯಾರು ನ್ಯಾಯವಾಗಿ ಆಡಿದರು ಅಂತ ತೀರ್ಮಾನಿಸಬೇಕು, ಅದಕ್ಕೂ ಅಂಕ. ತಂಡದಲ್ಲಿ ಹುಡುಗಿಯರು ಇರಲೇಬೇಕು. ಎಲ್ಲಕ್ಕಿಂತ ದೊಡ್ಡದು ಈ ನಿಯಮ: ಮೊದಲ ಗೋಲು ಹುಡುಗಿಯೇ ಹೊಡೆಯಬೇಕು.

ನಾನು ಇಂಜಿನಿಯರಿಂಗ್ ಓದಿದವನು. ಇದನ್ನು ಡಿಸೈನ್ ಆಗಿ ನೋಡಿ. 'ಹೆಣ್ಣುಮಕ್ಕಳಿಗೆ ಗೌರವ ಕೊಡಿ' ಅಂತ ಗೋಡೆ ಮೇಲೆ ಬರೆದರೆ ಯಾವ ಗ್ಯಾಂಗ್ ಹುಡುಗನೂ ಓದಲ್ಲ. ಆದರೆ ಗೆಲ್ಲಬೇಕು ಅಂದರೆ? ಅವಳಿಗೆ ಪಾಸ್ ಕೊಡಲೇಬೇಕು. ಪಾಸ್ ಕೊಟ್ಟರೆ ಸಾಲದು, ಅವಳಿಗೆ ಆಟ ಬರಬೇಕು. ಬರಬೇಕು ಅಂದರೆ ದಿನಾ ಜತೆಗೆ ಆಡಬೇಕು. ಒಂದು ನಿಯಮ, ಇಡೀ ಸರ್ಕೀಟ್ ಬದಲು.

ನಮ್ಮ ಬೀದಿ ಕ್ರಿಕೆಟ್‌ನಲ್ಲಿ ನನ್ನ ತಂಗಿ 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಮೋರಿಗೆ ಬಿದ್ದ ಬಾಲ್ ತರೋದು ಅವಳ ಕೆಲಸ. ಬ್ಯಾಟಿಂಗ್ ಸರದಿ ಬರುವಷ್ಟರಲ್ಲಿ ಕತ್ತಲಾಗಿರ್ತಿತ್ತು. ಹಾಗೆ ನಿಯಮ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ.

ಒಂದು ರೂಲ್‌ನಿಂದ ಕೊಲಂಬಿಯಾ ಸ್ವರ್ಗ ಆಯ್ತು ಅಂತ ನಾನು ಹೇಳಲ್ಲ. ಫಾರ್ಕ್ ಗೆರಿಲ್ಲಾಗಳ ಜತೆ ಶಾಂತಿ ಒಪ್ಪಂದ ಆಗಿದ್ದು 2016ರಲ್ಲಿ. ಹೆಣ್ಣುಮಕ್ಕಳ ವೃತ್ತಿಪರ ಲೀಗ್ ಶುರುವಾಗಿದ್ದು 2017ರಲ್ಲಿ. 2019ರಲ್ಲೂ ರಾಷ್ಟ್ರೀಯ ತಂಡದ ಆಟಗಾರ್ತಿಯರು ತಮಗಾಗುವ ತಾರತಮ್ಯವನ್ನು ಬಹಿರಂಗವಾಗಿ ಹೇಳಬೇಕಾಯ್ತು. ನವಿ ಮುಂಬೈನಲ್ಲಿ ಆಡಿದ ಹುಡುಗಿಯರು ಆ ಓಣಿ ಆಟದಿಂದಲೇ ಬಂದವರು ಅಂತಲೂ ಅಲ್ಲ. ಆದರೆ ಹುಡುಗಿಯ ಗೋಲಿಗೆ ಬೆಲೆ ಇದೆ ಅಂತ ಮೆಡೆಲಿನ್‌ನ ಒಂದಷ್ಟು ಹುಡುಗರು 1996ರಲ್ಲೇ ಕಲಿತಿದ್ದರು. ಗ್ರೀಸ್‌ಬೆಕ್ 2002ರಲ್ಲಿ ಸ್ಟ್ರೀಟ್‌ಫುಟ್‌ಬಾಲ್‌ವರ್ಲ್ಡ್ ಸಂಸ್ಥೆ ಕಟ್ಟಿದ, ಆ ಪದ್ಧತಿ 'ಫುಟ್‌ಬಾಲ್3' ಹೆಸರಲ್ಲಿ ದೇಶ ದೇಶಕ್ಕೆ ಹೋಯಿತು.

1994ರ ಸೆಲ್ಫ್ ಗೋಲ್ ಆದಮೇಲೆ ಆಂಡ್ರೆಸ್‌ಗೆ ಉಳಿದದ್ದು ಹತ್ತೇ ದಿನ. 2022ರ ಆ ಹುಡುಗಿ ಮತ್ತೆ ಮೈದಾನಕ್ಕಿಳಿದಳು. ಅವಳ ಆಟವನ್ನು ನಾನು ಒಂದು ಸಾಲಿನ ಸ್ಕ್ರಾಲ್‌ನಲ್ಲಿ ಮುಗಿಸಿದ್ದೆ. ಮೋರ್ಬಿಯ ನೆಪ ಆ ರಾತ್ರಿಗೆ ಸರಿ. ಆದರೆ ಮರುದಿನವೂ, ಮರುವಾರವೂ ನಾನು ಆ ಹುಡುಗಿಯರ ಬಗ್ಗೆ ಮಾತಾಡಲಿಲ್ಲ. ಮತ್ತೆ ಅದೇ, ಆಟಕ್ಕುಂಟು ಲೆಕ್ಕಕ್ಕಿಲ್ಲ.

ನಿಮ್ಮ ಬೀದಿಯಲ್ಲಿ ಇವತ್ತು ಸಂಜೆ ಮೊದಲ ಬ್ಯಾಟಿಂಗ್ ಯಾರದ್ದು? ಒಮ್ಮೆ ಹೊರಗೆ ಇಣುಕಿ ನೋಡಿ.